ಕರ್ಚೀಫಿನ ಸೀಟು ಮತ್ತು ಹೇಮಾವತಿ ಮೇಡಂ

ಹೇಮಾವತಿ ಮೇಡಮ್ಮಿಗೆ ಮೂಲವ್ಯಾಧಿ ಇರಬೇಕು ಅಂತ ನಾನು ಎರಡು ವರ್ಷ ನಂಬಿದ್ದೆ. ಧರ್ಮಪುರದಿಂದ ಹಿರಿಯೂರಿಗೆ ಹೋಗುವ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಆಕೆ ಕಂಬ ಹಿಡಿದು ಒಂದು ಗಂಟೆ ನಿಂತೇ ಹೋಗುತ್ತಿದ್ದರು. ಪಾಪ ಅನ್ನಿಸಿ ಒಮ್ಮೆ ನಮ್ಮೂರ ಮಲ್ಲಕ್ಕನ ನಾಟಿ ಔಷಧಿಯ ವಿಚಾರವನ್ನೂ ಎತ್ತಿದ್ದೆ. ಆಕೆ ನೋಡಿದ ನೋಟ ನೆನೆದರೆ ಈಗಲೂ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡೋಣ ಅನ್ನಿಸುತ್ತದೆ.

ವಿಷಯ ಬೇರೆಯೇ ಇತ್ತು. ನಮ್ಮ ಕಡೆಯ ಹೈಸ್ಕೂಲಿಗೆ ಗಣಿತ ಕಲಿಸುವವರು ಅಂತ ಇದ್ದದ್ದು ಆಕೆ ಒಬ್ಬರೇ. ಬಸ್ಸು ಬಂದ ಕೂಡಲೇ ಹತ್ತನೇ ಕ್ಲಾಸಿನ ಮಕ್ಕಳು ಕಿಟಕಿಯಿಂದ ಕರ್ಚೀಫು ಎಸೆದು ಆಕೆಗೆ ಸೀಟು ಹಿಡಿಯುತ್ತಿದ್ದರು. ಗುರುಭಕ್ತಿ ಅಂದುಕೊಳ್ಳಬೇಡಿ. ಮೇಡಂ ಯಾರ ಕರ್ಚೀಫಿನ ಮೇಲೆ ಕೂತರೋ ಅವರಿಗೆ ಇಂಟರ್ನಲ್‌ನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಎಂದು ಕ್ಲಾಸಿಗೆ ಕ್ಲಾಸೇ ನಂಬಿತ್ತು. ಹದಿನೈದರ ವಯಸ್ಸಿಗೆ ಇಂಥ ಜ್ಞಾನ ಮೊಡವೆಯ ಹಾಗೆ ತಾನಾಗೇ ಮೂಡುತ್ತದೆ. ಕೆಲಸಕ್ಕೆ ಬಂದ ಹೊಸದರಲ್ಲಿ ಮೇಡಂ ಒಂದೇ ಒಂದು ದಿನ ಕೂತಿದ್ದರು. ಸೀಟು ಹಿಡಿದಿದ್ದ ಮಹಾನುಭಾವ ಮಾರನೇ ದಿನ, ಟೆಸ್ಟಿಗೆ ಯಾವ ಲೆಕ್ಕ ಬರುತ್ತದೆಂದು ಸ್ವಂತ ಚಿಕ್ಕಮ್ಮನನ್ನು ಕೇಳುವಂತೆ ಕೇಳಿದ್ದ. ಅಂದಿನಿಂದ ಮೇಡಂ ಆ ಸೀಟಿಗೆ ಯಾರಾದರೂ ಅಜ್ಜಿಯನ್ನು ಕೂರಿಸಿ ತಾವು ನಿಲ್ಲುತ್ತಿದ್ದರು.

ಈ ವರ್ಷದ ಮಹಾನುಭಾವೆ ರಂಜಿತಾ, ಶಾಲಾ ಸಮಿತಿಯ ಅಧ್ಯಕ್ಷ ಚಿತ್ತಯ್ಯನ ಮಗಳು. ನಾಲ್ಕು ತಿಂಗಳು ದುಪಟ್ಟಾ ಎಸೆದು ಸೀಟು ಹಿಡಿದಳು, ಇನ್‌ಸ್ಟಾಗ್ರಾಂನಲ್ಲಿ ರಿಕ್ವೆಸ್ಟ್ ಕಳಿಸಿದಳು, ತನ್ನ ಹುಟ್ಟುಹಬ್ಬದ ದಿನ ಮೇಡಮ್ಮಿನ ಕೆನ್ನೆಗೆ ಕೇಕು ಬಳಿಯಲು ಹೋದಳು. ಮೇಡಂ ಕೂರಲಿಲ್ಲ, ರಿಕ್ವೆಸ್ಟ್ ಒಪ್ಪಲಿಲ್ಲ, ಕೆನ್ನೆ ಕೊಡಲಿಲ್ಲ. ಇಂಟರ್ನಲ್‌ನಲ್ಲಿ ಹನ್ನೊಂದು ಕೊಟ್ಟರು. ಮೇಡಮ್ಮಿಗೆ ತನ್ನ ಮೇಲೆ ಸೇಡು ಎಂದು ರಂಜಿತಾ ಅತ್ತಳು. ಗಣಿತದ ಟೀಚರು ಸೇಡು ಇಟ್ಟುಕೊಳ್ಳುವಷ್ಟು ದೊಡ್ಡ ವ್ಯಕ್ತಿ ತಾನು ಎಂದು ಹುಡುಗಿಗೆ ಒಳಗೊಳಗೇ ಖುಷಿಯೂ ಇತ್ತೆಂದು ನನ್ನ ಗುಮಾನಿ.

ಮಗಳ ಅಳು ಅಪ್ಪನ ಕೈಯಲ್ಲಿ ಅರ್ಜಿಯಾಯಿತು: ಈ ಮೇಡಮ್ಮನ್ನು ವರ್ಗ ಮಾಡಿ. ಮೂವತ್ತೆಂಟು ಸಹಿ ಬಿದ್ದವು. ಅದರಲ್ಲಿ ಓದದೆ ಹಾಕಿದ ಒಂದು, ಸಮಿತಿ ಸದಸ್ಯನಾದ ನನ್ನದು. ಅರ್ಜಿ ಮೇಲಕ್ಕೆ ಹೋದರೆ ಮೇಡಂ ದೂರದ ಚಿಕ್ಕಜಾಜೂರಿನ ಆಚೆಗೆಲ್ಲೋ ಹೋಗಬೇಕಿತ್ತು. ಹಿರಿಯೂರಿನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಲು ಬೇರೆ ಯಾರೂ ಇರಲಿಲ್ಲ.

ಸಮಿತಿಯ ಸಭೆಯಲ್ಲಿ ಆಕೆ ಅತ್ತೆಯ ಸುದ್ದಿ ಎತ್ತಲೇ ಇಲ್ಲ. ರಂಜಿತಾಳ ಗಣಿತದ ನೋಟ್‌ಬುಕ್ಕನ್ನು ಚಿತ್ತಯ್ಯನ ಮುಂದಿಟ್ಟರು. ಇಂಟರ್ನಲ್‌ಗೆ ಮಾಡಬೇಕಿದ್ದ ಎಂಟು ಚಟುವಟಿಕೆಗಳಲ್ಲಿ ನಾಲ್ಕು ಖಾಲಿ. ಖಾಲಿ ಪುಟಗಳಲ್ಲಿ ಮೇಡಮ್ಮಿನ ಚಿತ್ರ, ಸುತ್ತ ಕೆಂಪು ಹೃದಯಗಳು. ನಾನು ಅರ್ಜಿಯಲ್ಲಿದ್ದ ನನ್ನ ಸಹಿಯ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ಕೂತಿದ್ದ ಕಾಟಪ್ಪನೂ ಮೆಲ್ಲಗೆ ಪೆನ್ನು ಕೇಳಿದ. ಚಿತ್ತಯ್ಯ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಆದರೂ ಅಧ್ಯಕ್ಷ ಅನ್ನಿಸಿಕೊಂಡವನು ಸುಮ್ಮನೆ ಎದ್ದು ಹೋಗುವುದು ಹೇಗೆ?

"ಅದೆಲ್ಲ ಬಿಡ್ರಿ ಮೇಡಂ," ಅಂದ. "ನಮ್ಮುಡುಗಿ ನಾಕ್ ತಿಂಗ್ಳು ನಿಮಗೆ ಸೀಟು ಹಿಡ್ದೈತೆ. ಅದ್ರ ಮ್ಯಾಲೆ ನಿಮಗೆ ಒಂಚೂರಾದ್ರೂ ಪ್ರೀತಿ ಐತೋ, ಇಲ್ಲೋ?"

"ಇಲ್ಲ," ಅಂದರು ಮೇಡಂ. "ಅವಳಿಗೆ ಭಿನ್ನರಾಶಿ ಬರಲ್ಲ. ನನಗೆ ಅದರ ಚಿಂತೆ ಐತೆ. ನಾಳೆ ಒಂಬತ್ತಕ್ಕೆ ಕಳಿಸ್ರಿ."