ಅತ್ತೆಯ ಮನಸ್ಸು ಕದ್ದ ಮಾಟಗಾತಿ

ಹೈದರಾಬಾದಿನಲ್ಲಿ ನನಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಾಗ ಮನೆಯವರು ಹಾಕಿದ ಷರತ್ತು ಒಂದೇ. ಹಾಸ್ಟೆಲ್ ಬೇಡ, ಕಾಚಿಗೂಡದಲ್ಲಿರುವ ಸೋದರಮಾವನ ಮನೆಯಲ್ಲೇ ಇರಬೇಕು. ನನ್ನ ಆಫೀಸಿದ್ದ ಊರಿನ ಇನ್ನೊಂದು ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಕಂಪನಿ ಬಸ್ಸು ಬೆಳಿಗ್ಗೆ ಸ್ಟೇಷನ್ ಹತ್ತಿರ ನನ್ನನ್ನು ಹತ್ತಿಸಿಕೊಂಡರೆ ಆ ತುದಿ ಮುಟ್ಟಿಸುವಷ್ಟರಲ್ಲಿ ಅರ್ಧ ಕಾದಂಬರಿ ಮುಗಿಯುತ್ತಿತ್ತು.

ಕಾದಂಬರಿ ಅಂದರೆ ಘನವಾದದ್ದೇನೂ ಅಲ್ಲ. ಹತ್ತಿರದ ಕೋಠಿ ಬಜಾರಿನ ಫುಟ್‌ಪಾತಿನಲ್ಲಿ ಹಳೇ ಇಂಗ್ಲಿಷ್ ಪುಸ್ತಕಗಳನ್ನು ಗುಡ್ಡೆ ಹಾಕಿ ಮಾರುತ್ತಿದ್ದರು. ಅದರಲ್ಲಿ ಕೆದಕಿ ಕೆದಕಿ ಮಾಟಗಾತಿಯರ ಪ್ರೇಮಕತೆಗಳನ್ನೇ ಆರಿಸಿ ತರುತ್ತಿದ್ದೆ. ಎಲ್ಲದರಲ್ಲೂ ಕತೆ ಒಂದೇ. ಒಬ್ಬಳು ಮಾಟಗಾತಿ, ಅವಳನ್ನು ಮುಗಿಸಲು ಬಂದ ಒಬ್ಬ ಗಂಡಸು. ಒಬ್ಬರ ಕುತ್ತಿಗೆ ಒಬ್ಬರು ಹಿಚುಕಲು ಹೋದವರು ಕೊನೆಗೆ ಅದೇ ಕುತ್ತಿಗೆಗೆ ಜೋತುಬೀಳುತ್ತಾರೆ. ಮೊದಲನೇ ಪುಟದಲ್ಲೇ ಅದು ಗೊತ್ತಾಗುತ್ತದೆ. ಗೊತ್ತಿದ್ದೂ, ಆಫೀಸು ಬಂದಾಗ ಬಸ್ಸು ಇಳಿಯಲು ಮನಸ್ಸಾಗುತ್ತಿರಲಿಲ್ಲ.

ಅತ್ತೆ, ಅಂದರೆ ಮಾವನ ಹೆಂಡತಿ, ಒಂದು ಭಾನುವಾರ ಹಾಸಿಗೆ ಬಿಸಿಲಿಗೆ ಹಾಕಲು ಹೋಗಿ ಅಂಥ ಒಂದು ಪುಸ್ತಕ ಹಿಡಿದರು. ಮುಖಪುಟದ ಮೇಲೆ ಕೆಂಪು ಕೂದಲು ಬಿಚ್ಚಿ ಹರಡಿಕೊಂಡ ಹೆಂಗಸು, ಅವಳ ಅಂಗೈಯಲ್ಲಿ ಹಸಿರು ಬೆಂಕಿ. ಅವಳ ಹಿಂದೆ ಅಂಗಿಯ ಗುಂಡಿ ಹಾಕಿಕೊಳ್ಳಲು ಮರೆತ ಒಬ್ಬ ಗಂಡಸು.

“ಏನವ್ವಾ ಇದು?”

“ಕತಿ ಪುಸ್ತಕ ರೀ ಅತ್ತಿ.”

“ಈಕಿ ಯಾರ?”

“ಮಾಟಗಾತಿ.”

ಅತ್ತೆ ಪುಸ್ತಕವನ್ನು ಬೋರಲು ಹಾಕಿದರು. “ದೇವರ ಜಗಲಿ ಇದ್ದ ಮನ್ಯಾಗ ಮಾಟ ಮಾಡಾಕಿನ್ನ ದಿಂಬಿನ ಕೆಳಗ ಇಟ್ಕೊಂಡು ಮಲಗತಿಯಲ್ಲ, ನಿನಗ ನಿದ್ದಿ ಹೆಂಗ ಬರತೈತಿ?” ಅಂದು ದಿಂಬು ಬಡಿಯತೊಡಗಿದರು. ಬಡಿಯುತ್ತಲೇ ಕೇಳಿದರು, “ಹಿಂದ ನಿಂತಾನಲ್ಲ, ಅಂವ ಯಾರ?”

“ಆಕಿನ್ನ ಹಿಡಿದು ಸುಡಾಕ ರಾಜ ಕಳಿಸಿದಾಂವ.”

“ಸುಟ್ಟನೇನು?”

“ಗೊತ್ತಿಲ್ರಿ. ನಾ ಇನ್ನೂ ಅರ್ಧಕ್ಕ ಬಂದೀನಿ.”

ಅತ್ತೆ ಪುಸ್ತಕವನ್ನು ತಿರುಗಿಸಿ ಮತ್ತೊಮ್ಮೆ ಅವನನ್ನು ನೋಡಿದರು. “ಸುಡಾಂವ ಅಲ್ಲ ಬಿಡು. ಸುಡಾಂವ ಹಂಗ ನಿಂದರೂದಿಲ್ಲ.”

ಅವತ್ತಿನಿಂದ ಭಾನುವಾರ ಮಧ್ಯಾಹ್ನ ಕತೆ ಹೇಳುವುದು ನನ್ನ ಪಾಲಿನ ಮನೆಗೆಲಸವಾಯಿತು. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದರು. ಮಾವ ಪಕ್ಕದ ಕುರ್ಚಿಯಲ್ಲಿ ಪೇಪರಿನ ಹಿಂದೆ ಇರುತ್ತಿದ್ದರು. ಮಾವ ಕೋಠಿಯ ಒಂದು ಸೀರೆ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದರು. ವಾರವಿಡೀ ಗಿರಾಕಿಗಳ ಜೊತೆ ತೆಲುಗು, ಹಿಂದಿ ಮಾತಾಡಿ ಮಾತಾಡಿ, ಮನೆಗೆ ಬರುವಷ್ಟರಲ್ಲಿ ಕನ್ನಡದ ಪಾಲಿಗೆ “ಹೂಂ” ಒಂದೇ ಉಳಿದಿರುತ್ತಿತ್ತು. ಅದು ಬೇಕು ಅನ್ನುವುದಕ್ಕೂ ಆಯಿತು, ಬೇಡ ಅನ್ನುವುದಕ್ಕೂ ಆಯಿತು.

ನಾನು ಹೇಳುತ್ತಿದ್ದ ಕತೆಯಲ್ಲಿ ಮಾಟಗಾತಿ ಹಾಕಿದ ಮಂತ್ರ ಎಡವಟ್ಟಾಗಿ, ಇಬ್ಬರೂ ಒಬ್ಬರನ್ನು ಬಿಟ್ಟು ಒಬ್ಬರು ದೂರ ಹೋಗಲಾಗದಂತೆ ಅಂಟಿಕೊಂಡಿದ್ದರು. ಹೊರಗೆ ಹಿಮ, ಒಳಗೆ ಒಂದೇ ಗುಡಿಸಲು, ದಿನವೂ ಜಗಳ.

“ಅಡಿಗಿ ಯಾರ ಮಾಡತಾರ?” ಅತ್ತೆ ಕೇಳಿದರು.

“ಅದು ಪುಸ್ತಕದಾಗ ಇಲ್ರಿ.”

“ಕೈಯಾಗ ಬೆಂಕಿ ಹಚ್ಚತಾಳ, ಆ ಬೆಂಕಿ ಮ್ಯಾಲೆ ಒಂದ ರೊಟ್ಟಿ ಬೇಯಿಸಾಕ ಬರೂದಿಲ್ಲ?”

ಹೇಳಲಾಗದ ಪುಟಗಳು ಬಂದರೆ ನಾನು “ಆಮೇಲೆ ಬೆಳಗಾಯಿತು” ಅಂತ ದಾಟಿಸಿಬಿಡುತ್ತಿದ್ದೆ. ಹೀಗೆ ಕೆಲವು ಸಲ ಆದಮೇಲೆ ಅತ್ತೆ ಮೊರದಿಂದ ಕಣ್ಣೆತ್ತದೆ ಅಂದರು, “ಆ ದೇಶದಾಗ ಭಾಳ ಲಗೂನ ಬೆಳಗ ಆಗತೈತಿ ನೋಡು.” ಪೇಪರಿನ ಹಿಂದಿನಿಂದ ಒಂದು ಕೆಮ್ಮು ಬಂತು.

ಒಂದು ದಿನ ನಾನೇ ಕೇಳಿದೆ, “ಅತ್ತಿ, ಮುಂದ ಏನಾಗತೈತಿ ಅಂತ ನಿಮಗೂ ಗೊತ್ತು. ಮತ್ತ ಯಾಕಿಷ್ಟು ಸೇರತೈತಿ ಇದು?”

ಅತ್ತೆ ಕಲ್ಲೊಂದನ್ನು ಆರಿಸಿ ಆಚೆ ಒಗೆದರು. “ಅಂವ ನೋಡು, ಆಕಿ ಆಡಿದ ಒಂದೊಂದು ಮಾತೂ ನೆನಪಿಟ್ಟು ತಿರುಗಿ ಹೇಳತಾನ. ಜಗಳಾಡಾಕಾದ್ರೂ ಎದುರಿನಾಕಿ ಏನಂದಳು ಅಂತ ಕೇಳಿಸ್ಕೋಬೇಕಲ್ಲ? ನನ್ನ ಜೋಡಿ ಈ ಮನ್ಯಾಗ ಯಾರೂ ಒಂದ ದಿನಾ ಜಗಳಾಡಿಲ್ಲ. ಭಾಳ ಚಲೋ ಮನಿ.” ಹೇಳಿ ಜೋಳ ಕೇರತೊಡಗಿದರು. ಮಾವ ಪೇಪರಿನ ಪುಟ ಮಗುಚಿದರು. ನಾನು ಮುಂದಿನ ಅಧ್ಯಾಯ ಶುರು ಮಾಡಿದೆ.

ಆ ದಿನಗಳಲ್ಲೇ ನನಗೂ ಆಫೀಸಿನಲ್ಲಿ ಒಬ್ಬ ವೈರಿ ಹುಟ್ಟಿಕೊಂಡಿದ್ದ. ಅವನು ಟೆಸ್ಟರ್. ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೇ ಅವನಿಗೆ ಸಂಬಳ. ಬಾಗಲಕೋಟೆ ಕಡೆಯವನು, ಹಾಗಾಗಿ ತಪ್ಪುಗಳನ್ನು ಅಚ್ಚ ಕನ್ನಡದಲ್ಲೇ ಎತ್ತಿ ತೋರಿಸುತ್ತಿದ್ದ. ಮನೆಗೆ ಬಂದು ಅವನ ಮೇಲೆ ಹರಿಹಾಯುವುದು ನನಗೆ ರೂಢಿಯಾಯಿತು. ಮೊದಮೊದಲು ಅತ್ತೆ ನನ್ನ ಪರವಾಗಿ ಸಿಟ್ಟಾಗುತ್ತಿದ್ದರು. ಬರಬರುತ್ತಾ, ನಾನು ಚಪ್ಪಲಿ ಬಿಡುವ ಮೊದಲೇ, “ಇವತ್ತ ಏನಂದ ಅಂವ?” ಅಂತ ಕಣ್ಣರಳಿಸಿ ಕೇಳುವುದಕ್ಕೆ ಶುರುಮಾಡಿದರು.

“ಅತ್ತಿ, ಅದು ಕತಿ. ಇದು ನೌಕರಿ.”

“ನಾ ಏನಂದೆ? ಏನೂ ಅನ್ನಲಿಲ್ಲಲ್ಲ.”

ನಾನೇನೂ ಕಡಿಮೆ ಇರಲಿಲ್ಲ. ಒಮ್ಮೆ ಅವನು, “ಈ ಸಲ ಪರವಾಗಿಲ್ಲ, ಒಂದೇ ತಪ್ಪು,” ಅಂದದ್ದಕ್ಕೆ ಲಿಫ್ಟಿನಲ್ಲಿ ಒಬ್ಬಳೇ ನಿಂತು ನಕ್ಕಿದ್ದೆ. ಕೋಠಿಯ ಪುಸ್ತಕಗಳು ತಲೆಗೆ ಅಷ್ಟರಮಟ್ಟಿಗೆ ಏರಿದ್ದವು.

ಕೊನೆಗೆ ಅತ್ತೆ, “ಪಾಪ, ಒಬ್ಬಾಂವನ ರೂಮ ಮಾಡ್ಯಾನ ಅಂತಿ. ರೊಟ್ಟಿ ಕಂಡು ಎಷ್ಟ ದಿನಾ ಆತೋ. ಊಟಕ್ಕ ಕರಿ,” ಅಂದರು. ಕರೆದೆ. ಅವನು ಒಂದೇ ಮಾತಿಗೆ ಒಪ್ಪಿದ್ದು ನೋಡಿ ನನಗೆ ಅನುಮಾನವೂ ಆಯಿತು, ಖುಷಿಯೂ ಆಯಿತು.

ಭಾನುವಾರ ಅತ್ತೆ ಬೆಳಿಗ್ಗೆಯಿಂದ ಒಲೆಯ ಮುಂದಿದ್ದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಅವನು ತಲೆ ಎತ್ತದೆ ಉಂಡ. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಅವನು ನೀರು ಕುಡಿದು, ನನ್ನ ಪ್ರೋಗ್ರಾಮಿನ ಬಗ್ಗೆ ಮಾತಾಡುವ ಅದೇ ದನಿಯಲ್ಲಿ ಅಂದ:

“ಬದನಿಕಾಯಾಗ ಉಪ್ಪು ಒಂಚೂರು ಕಮ್ಮಿ ಆಗೇತ್ರಿ. ಹುಣಸಿಹಣ್ಣು ಜರಾ ಹೆಚ್ಚಾಗೇತಿ. ರೊಟ್ಟಿ ಚಲೋ ಅದಾವ, ಅಂಚು ಅಷ್ಟ ದಪ್ಪ.”

ಅತ್ತೆಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ನಾನು ತಟ್ಟೆಯಲ್ಲಿ ತಲೆ ಹುದುಗಿಸಿದೆ.

“ಉಪ್ಪು ಸರಿ ಐತಿ.”

ಯಾರ ದನಿ ಅಂತ ತಿಳಿಯಲು ಎಲ್ಲರಿಗೂ ಒಂದು ಗಳಿಗೆ ಬೇಕಾಯಿತು. ಮಾವ ರೊಟ್ಟಿ ಮುರಿಯುತ್ತಾ ಮುಂದುವರಿಸಿದರು. “ಹುಣಸಿಹಣ್ಣೂ ಸರಿ ಐತಿ. ಬದನಿಕಾಯಿಗೆ ಅಷ್ಟ ಬೇಕಾಗತೈತಿ. ರೊಟ್ಟಿ ಅಂಚು ತೆಳ್ಳಗ ಮಾಡಿದ್ರ ಹೊತ್ತತಾವ, ಅದಕ್ಕ ದಪ್ಪ ಇಡತಾಳ.”

“ಹೌದೇನ್ರಿ? ಹಂಗಾದ್ರ ಸರಿ ಬಿಡ್ರಿ,” ಅಂತ ಅವನು ಯಾವ ಬೇಜಾರೂ ಇಲ್ಲದೆ ಒಪ್ಪಿಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಕೈ ತೊಳೆದು ಬಂದವನು ಚೀಲದಿಂದ ತನ್ನ ಮದುವೆಯ ಕಾರ್ಡು ತೆಗೆದು ಮಾವನ ಕೈಗೆ ಕೊಟ್ಟ. ಹುಡುಗಿ ಅವನ ಊರಿನವಳೇ. “ಎಲ್ಲಾರೂ ತಪ್ಪದ ಬರಬೇಕ್ರಿ.” ಕರೆದ ಕೂಡಲೇ ಬಂದದ್ದು ಅದಕ್ಕಾಗಿ. ನಾನು ನಗುತ್ತಲೇ ಅವನಿಗೆ ಶುಭ ಹಾರೈಸಿದೆ. ಒಳಗೆ ಒಂಚೂರು ಚುರುಕ್ಕೆಂದಿತು. ಆದರೆ ನನಗೆ ಬೇಕಾಗಿದ್ದದ್ದು ಅವನೋ, ಆ ಪುಸ್ತಕಗಳಂಥ ಒಂದು ಕತೆಯೋ ಅಂತ ಕೇಳಿಕೊಂಡರೆ, ಉತ್ತರಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ.

ಅವನು ಮೆಟ್ಟಿಲಿಳಿದ ಮೇಲೆ ಅತ್ತೆ ತೀರ್ಪು ಕೊಟ್ಟರು. “ಅಂವ ವೈರಿನೂ ಅಲ್ಲ, ಏನೂ ಅಲ್ಲ. ಬರೇ ಮಾತಾಡೋ ರೀತಿ ಗೊತ್ತಿಲ್ಲ.” ಆಮೇಲೆ ನಿಧಾನಕ್ಕೆ ಮಾವನ ಕಡೆ ತಿರುಗಿದರು. “ಅಲ್ರೀ, ನನ್ನ ಅಡಿಗಿ ಸರಿ ಐತಿ ಅಂತ ನಿಮಗ ಯಾವಾಗಿಂದ ಗೊತ್ತು?”

“ಮೊದಲಿಂದ.”

“ಮತ್ತ ಒಂದ ದಿನಾ ಹೇಳಲಿಲ್ಲ?”

“ಸರಿ ಇದ್ದದ್ದನ್ನ ಏನಂತ ಹೇಳೂದು?”

ಶುರುವಾಯಿತು. ಅತ್ತೆ ಎಷ್ಟೋ ವರ್ಷದ್ದೆಲ್ಲ ಹೊರಗೆ ತೆಗೆದರು. ಸೀರೆ ಅಂಗಡಿಯಲ್ಲೇ ಇದ್ದೂ ಮಾವ ಪ್ರತಿ ಹಬ್ಬಕ್ಕೂ ಕಂದು ಬಣ್ಣದ್ದೇ ತರುವುದರ ತನಕ ಮಾತು ಬಂತು.

“ನೀನ ಅಂದಿದ್ದಿ,” ಅಂದರು ಮಾವ, ಅವರಿಗೂ ಈಗ ದನಿ ಏರಿತ್ತು. “ಮದುವಿ ಆದ ಹೊಸದಾಗಿ, ಬೀದರ ಬಸ್ಸಿನ್ಯಾಗ. ಕಂದು ಸೀರಿ ಎಷ್ಟ ಚಂದ ಕಾಣತೈತಿ ಅಂತ. ಕಿಟಕಿ ಬಾಜೂಕ ಕುಂತಿದ್ದಿ.”

ಅತ್ತೆ ಆ ಬಸ್ಸನ್ನು ನೆನಪಿಗೆ ತಂದುಕೊಂಡರು. ಆಮೇಲೆ, ಸೋಲಬಾರದು ಅಂತ, “ಅದು ಮುಂದಿನ ಸೀಟಿನಾಕಿ ಸೀರಿ ನೋಡಿ ಅಂದಿದ್ದೆ! ನನಗ ಬೇಕು ಅಂದಿದ್ನೇನು?” ಅಂದರು. ದನಿಯಲ್ಲಿ ಮಾತ್ರ ಮೊದಲಿನ ಖಾರ ಇರಲಿಲ್ಲ. ಚಹಾದ ಹೊತ್ತಾದರೂ ಮಾತು ಮುಗಿಯಲಿಲ್ಲ. ನಾನೇ ಎದ್ದು ಚಹಾ ಮಾಡಿದೆ.

ಮುಂದಿನ ವಾರ ಇಬ್ಬರೂ ಜೊತೆಯಾಗಿ ಹೋಗಿ ಒಂದು ಹಸಿರು ಸೀರೆ ತಂದರು. ಆರಿಸಿದ್ದು ತಾನೇ ಅಂತ ಇಬ್ಬರೂ ವಾದಿಸಿದರು. ಭಾನುವಾರದ ಕತೆಯ ಹೊತ್ತಿಗೆ ಪೇಪರು ಮಾವನ ತೊಡೆಗಿಳಿಯಿತು. “ಅಲ್ಲವ್ವಾ, ಆ ರಾಜ ಅಷ್ಟ ದೊಡ್ಡ ಮಾಟಗಾತಿನ್ನ ಹಿಡಿಯಾಕ ಒಬ್ಬಾಂವನ್ನ ಕಳಿಸ್ಯಾನಲ್ಲ, ಅಂವಗ ಬುದ್ಧಿ ಐತೇನು?” ಅಂತ ಕೇಳಿದರು. “ಹತ್ತ ಮಂದಿ ಕಳಿಸಿದ್ರ ಆಕಿ ಯಾರ ಜೋಡಿ ಜಗಳಾಡಬೇಕು?” ಅಂತ ಅತ್ತೆ ಮೇಲೆಬಿದ್ದರು. ಅವತ್ತು ನಾನು ಅರ್ಧ ಪುಟವೂ ದಾಟಲಿಲ್ಲ.

ನನ್ನ ಮದುವೆ ಆಮೇಲೆ ಮನೆಯವರು ನೋಡಿದ ಹುಡುಗನ ಜೊತೆಗೇ ಆಯಿತು. ಸಾಧು ಮನುಷ್ಯ. ಅವರಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಅಂತ ಊರಾಚೆಯ ಶಂಶಾಬಾದಿನಲ್ಲಿ ಮನೆ ಮಾಡಿದೆವು. ಮೊದಲ ಸಲ ನಮ್ಮಲ್ಲಿಗೆ ಬಂದ ದಿನ ಕಾಚಿಗೂಡದ ಅತ್ತೆ, ಮಾವ ತಪ್ಪು ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ನಡೆದು, ಊಟದ ಹೊತ್ತು ಮೀರಿದ ಮೇಲೆ ತಲುಪಿದರು. ಗೇಟಿನಿಂದಲೇ ದನಿ ಕೇಳುತ್ತಿತ್ತು. ಇಳಿಯಿರಿ ಅಂದವರು ಯಾರು, ಇಳಿದವರು ಯಾರು, ಕಂಡಕ್ಟರ್ ನಿಜವಾಗಿ ಏನಂದ. ನನ್ನ ಗಂಡ ಗಾಬರಿಯಿಂದ ಒಳಗೆ ಬಂದು, “ಅವರಿಬ್ಬರ ನಡುವ ಏನರ ಆಗೇತೇನು? ನಾ ಹೋಗಿ ಬಿಡಿಸಲೇನು?” ಅಂದರು.

“ಬ್ಯಾಡ್ರಿ,” ಅಂದೆ. “ನೀರು ಕೊಟ್ಟು ಬರ್ರಿ, ಸಾಕು.”