ಕಿಟಕಿಗೆ ತಗಲಿಹಾಕಿದ ಕೊಡೆ

ನಾಳೆ ಬೆಳಿಗ್ಗೆ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಎರಡು ವರ್ಷದಿಂದ ಏನಾದರೊಂದು ನೆಪ ಹೇಳಿ ಮುಂದೂಡಿಕೊಂಡು ಬಂದವನು ನಾನು. ನೆಪಗಳು ಮುಗಿದವು, ಚೀಲ ತುಂಬಿಸುತ್ತಾ ಕೂತಿದ್ದೆ. "ಚಿತ್ತಾ ಮಳೆ, ನಂಬೋ ಹಾಗಿಲ್ಲ. ಕೊಡೆನೂ ಇಟ್ಕೊಳಿ," ಎಂದಳು ನನ್ನ ಹೆಂಡತಿ. ಬೀರುವಿನ ಮೇಲೆ ಕೈಯಾಡಿಸಿದಾಗ ಸಿಕ್ಕಿದ್ದು ಈಚಿನ ಮಡಿಸುವ ಕೊಡೆಯಲ್ಲ, ಬಾಗಿದ ಮರದ ಹಿಡಿಯ ಹಳೆಯ ಕರಿ ಕೊಡೆ. ಬಿಚ್ಚಿದೆ. ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹಿಡಿಯ ಮೇಲೆ ಬಣ್ಣ ಮಾಸಿದ ಒಂದು ಕಾಗದದ ನಕ್ಷತ್ರ ಇನ್ನೂ ಅಂಟಿಕೊಂಡಿತ್ತು.

ಆ ನಕ್ಷತ್ರ ನಾನು ಒಂದನೇ ತರಗತಿಯಲ್ಲಿ ಸಂಪಾದಿಸಿದ್ದು. ನಕ್ಕುಬಿಡಬೇಡಿ. ಆಗ ನನಗೆ ಅರವತ್ತು ದಾಟಿತ್ತು, ಪಿಂಚಣಿಯೂ ಬರುತ್ತಿತ್ತು.

ಆದದ್ದು ಇಷ್ಟು. ಮಗಳು ನರ್ಸು. ಆ ವರ್ಷ ಗೌರಿ ಹಬ್ಬದ ಹೊತ್ತಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ಗಂಡ, ಮಗುವಿನೊಂದಿಗೆ ಮೈಸೂರಿಗೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಮೊಮ್ಮಗಳು ಇಂಪನಾಳನ್ನು ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಬೀದಿಯ ಕೊನೆಗಿದ್ದ ಸರ್ಕಾರಿ ಶಾಲೆಗೆ ಸೇರಿಸಿದರು. ಮಿಕ್ಕ ಮಕ್ಕಳೆಲ್ಲ ಜೂನ್‌ನಲ್ಲೇ ಅತ್ತು ಮುಗಿಸಿ ಆರಾಮಾಗಿದ್ದರು. ನಮ್ಮವಳ ಅಳುವಿನ ಸರದಿ ತಡವಾಗಿ ಬಂತು. ತರಗತಿಯ ಹೊಸ್ತಿಲಲ್ಲಿ ನನ್ನ ತೋರುಬೆರಳನ್ನು ಹಿಡಿದಳು ನೋಡಿ, ಬಿಡಿಸಲು ಯಾರಿಂದಲೂ ಆಗಲಿಲ್ಲ. ಕೂಗಾಟ ಇಲ್ಲ, ರಂಪ ಇಲ್ಲ. ಸದ್ದಿಲ್ಲದೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದನ್ನು ನೋಡುವುದು ಇನ್ನೂ ಕಷ್ಟ.

"ಬನ್ನಿ ತಾತ, ನೀವೂ ಒಳಗೆ ಬನ್ನಿ," ಎಂದರು ರೇಖಾ ಮಿಸ್. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ದಸರಾ ರಜದ ತನಕ ನೋಡೋಣ. ಆಮೇಲೂ ಒಬ್ಬಳೇ ಕೂರ್ಲಿಲ್ಲ ಅಂದ್ರೆ ಈ ವರ್ಷ ಬಿಡಿಸ್ಬೇಕಾಗತ್ತೆ. ಮುಂದಿನ ವರ್ಷ ಮತ್ತೆ ಒಂದರಿಂದಾನೇ."

ಹೀಗೆ ನಾನು ಶಾಲೆಗೆ ಸೇರಿದೆ. ದುಂಡು ಮೇಜುಗಳ ಸುತ್ತ ಅಂಗೈಯಗಲದ ಪ್ಲಾಸ್ಟಿಕ್ ಕುರ್ಚಿಗಳು. ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು, ಏಳಬೇಕಾದರೆ ಕುರ್ಚಿಯೂ ನನ್ನ ಜೊತೆಗೇ ಏಳುತ್ತಿತ್ತು. ಮೊದಲ ಬಾರಿ ಹಾಗಾದಾಗ ಇಡೀ ತರಗತಿ ನಕ್ಕಿತು. ಇಂಪನಾ ಕೂಡ, ಮೂಗು ಒರೆಸಿಕೊಳ್ಳುತ್ತಾ.

ಬೆಳಿಗ್ಗೆ ಪ್ರಾರ್ಥನೆ, ಬಿಸಿ ಹಾಲು, ಎಲ್ಲರ ತುಟಿಯ ಮೇಲೂ ಬಿಳಿ ಮೀಸೆ. ಆಮೇಲೆ ಹಾಜರಿ. ಕೊನೆಯ ಹೆಸರಾದ ಮೇಲೆ ಮಿಸ್ ತಲೆಯೆತ್ತದೆ "ತಾತ?" ಎನ್ನುತ್ತಿದ್ದರು. ನಾನು "ಬಂದಿದೀನಿ ಮಿಸ್" ಎನ್ನಬೇಕು. ಅದಾದ ಮೇಲೆ ಹವಾಮಾನ. ಗೋಡೆಯ ಮೇಲೊಂದು ಹಲಗೆ. ಸೂರ್ಯ, ಮೋಡ, ಕೊಡೆ, ಹೀಗೆ ಮೂರು ಚಿತ್ರದ ಕಾರ್ಡುಗಳು. ಸರದಿ ಬಂದ ಮಗು ಕಿಟಕಿಯ ತನಕ ಹೋಗಿ ಆಕಾಶ ನೋಡಿ, ಸರಿಯಾದ ಕಾರ್ಡನ್ನು ಸಿಕ್ಕಿಸಿ, ಎಲ್ಲರಿಗೂ ಕೇಳುವಂತೆ "ಇವತ್ತು ಮೋಡ" ಎಂದು ಸಾರಬೇಕು. ಎಂಥ ಗಂಭೀರವಾದ ಅಧಿಕಾರ ಅಂತೀರಿ. ಸೂರ್ಯನನ್ನು ತಾನೇ ಹೊತ್ತು ತಂದಂತೆ ಹಿಂದಿರುಗುತ್ತಿದ್ದವು ಮಕ್ಕಳು. ಇಂಪನಾಳ ಸರದಿ ಬಂದಾಗ ಮಾತ್ರ ಅವಳು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮಿಸ್ ಒತ್ತಾಯ ಮಾಡದೆ ಮುಂದಿನ ಮಗುವನ್ನು ಕರೆಯುತ್ತಿದ್ದರು.

ಇನ್ನು ಪಾಠ. ನಮ್ಮಜ್ಜಿ ನನಗೆ ಅಕ್ಷರ ಕಲಿಸಿದ್ದು ಮೊರದಲ್ಲಿ ರಾಗಿ ಹರವಿ. ನನ್ನ ಬೆರಳನ್ನು ತನ್ನ ಬೆರಳಲ್ಲಿ ಹಿಡಿದು 'ಅ' ಬರೆಸುವಳು. ತಪ್ಪಿದರೆ ಮೊರವನ್ನು ಒಮ್ಮೆ ಅಲುಗಿಸುವಳು. ತಪ್ಪೆಲ್ಲ ಮಾಯ, ಹೊಸ ರಾಗಿಯ ಹೊಲ ಸಿದ್ಧ. 'ಅ' ಆದ ಮೇಲೆ 'ಆ', ಲೋಕ ಇರುವುದೇ ಆ ಕ್ರಮದಲ್ಲಿ ಎಂದು ನಂಬಿದ್ದವನು ನಾನು. ಇಲ್ಲಿ ನೋಡಿದರೆ ಮೊದಲ ಅಕ್ಷರ 'ರ'. ಆಮೇಲೆ ಗ, ಸ, ದ, ಅ. ಅಕ್ಷರಮಾಲೆಯ ದಾರ ಕಿತ್ತು, ಕೈಗೆ ಸಿಕ್ಕ ಮಣಿಗಳನ್ನು ಯಾರೋ ಮತ್ತೆ ಪೋಣಿಸಿದ ಹಾಗಿತ್ತು. ತಡೆಯಲಾಗದೆ ಮೊಮ್ಮಗಳ ಕಿವಿಯಲ್ಲಿ "ಮೊದಲು ಅ, ಆಮೇಲೆ ಆ" ಎಂದು ಪಿಸುಗುಟ್ಟಿದೆ. ಎದುರಿಗೆ ಕೂತಿದ್ದ ಮಾದೇಶ ಎಂಬ ಹುಡುಗ ಎದ್ದು ನಿಂತ.

"ಮಿಸ್, ಈ ತಾತ ಹೇಳ್ಕೊಡ್ತಾವ್ರೆ."

"ತಾತ, ಹೇಳ್ಕೊಡಬಾರ್ದು ಅಂತ ನಿನ್ನೆ ಹೇಳಿದ್ನಲ್ಲ," ಎಂದರು ಮಿಸ್. "ನಿಮ್ಮ ಕುರ್ಚಿ ತಗೊಂಡು ಹೋಗಿ ಕಪಾಟಿನ ಹತ್ತಿರ ಕೂತ್ಕೊಳಿ."

ಕುರ್ಚಿ ಎತ್ತಿಕೊಂಡು ಹೋದೆ. ಕಪಾಟಿನ ಪಕ್ಕ ಕೂತಾಗಲೇ ಹೊಳೆದದ್ದು, ಶಿಕ್ಷೆಯ ಹೆಸರಿನಲ್ಲಿ ಈಕೆ ನನ್ನನ್ನು ಮೊಮ್ಮಗಳಿಂದ ನಾಲ್ಕು ಹೆಜ್ಜೆ ದೂರ ಸರಿಸಿದ್ದರು ಎಂದು. ಅವಳು ತಿರುಗಿ ತಿರುಗಿ ನೋಡಿದಳು, ಅಳಲಿಲ್ಲ. ಕೆಲವು ದಿನ ಬಿಟ್ಟು "ಬಾಗಿಲ ಹತ್ತಿರ ಗಾಳಿ ಚೆನ್ನಾಗಿದೆ" ಎಂದು ಅಲ್ಲಿಗೆ ಕಳಿಸಿದರು. ಅಷ್ಟು ಹೊತ್ತಿಗೆ ಆ ಐದು ಅಕ್ಷರಗಳ ಮಹಿಮೆ ನನಗೂ ತಿಳಿಯತೊಡಗಿತ್ತು. ಮಕ್ಕಳು ಅವನ್ನೇ ತಿರುವಿ ಹಾಕಿ ಸರ ಮಾಡಿದವು, ಗರಗಸ ಮಾಡಿದವು, ಅರಸನನ್ನೂ ಅಗಸನನ್ನೂ ಮಾಡಿದವು. ರಜಕ್ಕೆ ಮುಂಚಿನ ದಿನ ಇಂಪನಾ ಸ್ಲೇಟನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದು, ಯಾರಿಗೂ ಕಾಣದಂತೆ ನನಗೆ ತೋರಿಸಿದಳು. ದಸರ ಎಂದಿತ್ತು. ನಮ್ಮಜ್ಜಿಯ ಕ್ರಮದಲ್ಲಿ ಹೋಗಿದ್ದರೆ ದಸರಾ ಬರೆಯಲು ಸಂಕ್ರಾಂತಿ ಬರಬೇಕಾಗಿತ್ತು. ಆ ಸಂಜೆ ಮಿಸ್ ನನ್ನ ಕೊಡೆಯ ಹಿಡಿಗೆ ನಕ್ಷತ್ರ ಅಂಟಿಸಿದರು. "ಈ ವಾರ ತಾತ ಒಂದ್ಸಲಾನೂ ಹೇಳ್ಕೊಡ್ಲಿಲ್ಲ," ಎಂದು ತರಗತಿಗೆಲ್ಲ ತಿಳಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದವು. ನೌಕರಿಯಿಂದ ನಿವೃತ್ತನಾದ ದಿನವೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಮನೆಯಲ್ಲಿ ಹೆಂಡತಿ, "ಒಂದನೇ ಕ್ಲಾಸು ಪಾಸಾಗೋ ಲಕ್ಷಣ ಕಾಣ್ತಿದೆ. ಮನೆಗೆ ತರೋ ಸಾಮಾನಿನ ಲೆಕ್ಕನೂ ಅಲ್ಲೇ ಕಲ್ತ್ಕೊಂಡು ಬಂದ್ಬುಡಿ," ಎಂದಳು.

ರಜ ಮುಗಿಯಿತು. ಈಗ ನಾನು ತರಗತಿಯೊಳಗೆ ಕಾಲಿಡುವಂತಿಲ್ಲ. ಜಗಲಿಯಲ್ಲಿ, ಕಿಟಕಿಯ ಕೆಳಗೆ ನನ್ನ ಜಾಗ. ಇಂಪನಾ ಒಂದು ಕರಾರು ಹಾಕಿದಳು: "ತಾತ, ನಿನ್ನ ಕೊಡೆ ಕಿಟಕಿಗೆ ತಗ್ಲಾಕು. ನಂಗೆ ಕಾಣ್ಬೇಕು." ತಗಲಿಹಾಕಿದೆ. ಕೊಡೆ ಕಂಡರೆ ಅದರ ಕೆಳಗೆ ತಾತ ಇದ್ದಾನೆ ಎಂದು ಅರ್ಥ. ಒಂದೆರಡು ದಿನ ಹಾಗೇ ನಡೆದ ಮೇಲೆ ಮಿಸ್ ಹೊರಗೆ ಬಂದು, "ಕೊಡೆ ಇಲ್ಲೇ ಇರ್ಲಿ, ನೀವು ಮನೆಗೆ ಹೋಗಿ ತಾತ. ಬೆಲ್ ಹೊಡೆಯೋಕೆ ಮುಂಚೆ ಬಂದ್ಬುಡಿ," ಎಂದರು. ಕಿಟಕಿಯ ಕೆಳಗೆ ಬಗ್ಗಿಕೊಂಡು, ಕೈಯಲ್ಲಿ ಚಪ್ಪಲಿ ಹಿಡಿದು ಕಳ್ಳನ ಹಾಗೆ ಗೇಟು ದಾಟಿದೆ. ಮನೆಯಲ್ಲಿ ಕಾಫಿ ಕುಡಿದೆ, ಪೇಪರ್ ಓದಿದೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹೀಗೇ ಕೆಲವು ದಿನ.

ಒಂದು ದಿನ ಬೆಳಿಗ್ಗೆ ಸುಡುಬಿಸಿಲು. ಮಧ್ಯಾಹ್ನ ಊಟವಾಗಿ ಕೈತೊಳೆಯುವಷ್ಟರಲ್ಲಿ ಕತ್ತಲು ಕವಿದು, ಹನಿ ಅನ್ನುವ ಮಾತೇ ಇಲ್ಲದೆ ಒಮ್ಮೆಗೇ ಸುರಿಯಿತು. ಗುಡುಗೆಂದರೆ ಇಂಪನಾಳಿಗೆ ಜೀವ ಹೋಗುವಷ್ಟು ಭಯ. ನಾನು ಬಾಗಿಲಿಗೆ ಓಡಿದೆ.

"ಕೊಡೆ ಎಲ್ಲಿ?" ಎಂದಳು ಹೆಂಡತಿ.

"ಸ್ಕೂಲಲ್ಲಿದೆ."

"ಅಲ್ಲಿ ಯಾರ ತಲೆ ಕಾಯ್ತಿದೆ ಅದು?"

ಉತ್ತರ ಹೇಳಲು ನಿಲ್ಲಲಿಲ್ಲ. ತಲೆಯ ಮೇಲೆ ಅಕ್ಕಿಯ ಪ್ಲಾಸ್ಟಿಕ್ ಚೀಲ ಹೊದ್ದು ಬೀದಿಯ ಉದ್ದಕ್ಕೂ ಓಡಿದೆ. ಕಿಟಕಿ ನೋಡಿದರೆ ಕೊಡೆ ಇಲ್ಲ. ಅವಳು ಜಗಲಿ ನೋಡಿದ್ದಾಳೆ, ನಾನಿಲ್ಲದ್ದು ಗೊತ್ತಾಗಿದೆ. ಇಷ್ಟು ದಿನದ ಪಾಡೆಲ್ಲ ಮಳೆನೀರಿನಲ್ಲಿ ಹೋಯಿತು ಎಂದುಕೊಂಡೆ.

ತರಗತಿಯ ಬಾಗಿಲಲ್ಲಿ ಇಂಪನಾ ನಿಂತಿದ್ದಳು. ಹೆಚ್ಚುಕಡಿಮೆ ತನ್ನಷ್ಟೇ ಎತ್ತರದ ಕೊಡೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ಎಷ್ಟು ನೆಂದಿದೀಯ ನೋಡು. ಕೊಡೆ ಬಿಟ್ಟು ಹೋಗ್ತಾರಾ ಯಾರಾದ್ರೂ?"

"ನಾನು ಮನೆಗೆ ಹೋಗ್ತಿದ್ದದ್ದು ನಿಂಗೆ ಗೊತ್ತಾ?"

"ಹೂಂ. ಮೊದಲ್ನೇ ದಿನಾನೇ ಗೊತ್ತು. ಮಾದೇಶ ಹೇಳ್ದ, ನಿನ್ ತಾತ ಚಪ್ಪಲಿ ಕೈಲಿಡ್ಕೊಂಡು ಹೊಂಟೋದ್ರು ಅಂತ."

"ಮತ್ತೆ ಯಾಕೆ ಸುಮ್ನಿದ್ದೆ?"

"ನಿಂಗೆ ಬೇಜಾರಾಗತ್ತೆ ಅಂತ."

ಅವಳ ಹಿಂದೆ ನಿಂತಿದ್ದ ಮಿಸ್ ಗೋಡೆಯ ಕಡೆ ಕಣ್ಣಲ್ಲೇ ತೋರಿಸಿದರು. ಬೆಳಿಗ್ಗೆ ಹಾಕಿದ್ದ ಸೂರ್ಯನ ಕಾರ್ಡು ಇರಲಿಲ್ಲ, ಕೊಡೆಯದ್ದು ಇತ್ತು. "ಗುಡುಗಿದಾಗ ತಾನಾಗೇ ಎದ್ದಳು ತಾತ. ನಾನು ಕರೀಲಿಲ್ಲ. ಕಾರ್ಡು ಬದಲಾಯಿಸಿ, ಇವತ್ತು ಮಳೆ ಅಂತ ಎಲ್ರಿಗೂ ಹೇಳಿ, ಕಿಟಕಿಗೆ ಹೋಗಿ ನಿಮ್ಮ ಕೊಡೆ ಒಳಗೆ ತಗೊಂಡ್ಲು. ಆಗ್ಲಿಂದ ಇಲ್ಲೇ ನಿಂತಿದಾಳೆ, ತಾತ ನೆನೀತಾರೆ ಅಂತ."

ಮಾರನೆಯ ದಿನ ಗೇಟಿನಲ್ಲಿ ನನ್ನ ಬೆರಳು ಬಿಟ್ಟು, ಕೊಡೆಯನ್ನು ನನ್ನ ಕೈಗೇ ಕೊಟ್ಟು ಒಳಗೆ ಹೋದಳು. ಹಾಜರಿಯ ಕೊನೆಯಲ್ಲಿ ಮಿಸ್ "ತಾತ?" ಎನ್ನಲಿಲ್ಲ. ಗೇಟಿನ ಹೊರಗೆ ನಿಂತು ಕೇಳಿಸಿಕೊಂಡೆ ಅಂತ ಇಟ್ಟುಕೊಳ್ಳಿ.

ಈಗ ಇಂಪನಾ ಒಂಬತ್ತನೇ ತರಗತಿ. ನಾನು ಕೊಡೆ ಬಿಚ್ಚಿಕೊಂಡು ಕೂತಿದ್ದನ್ನು ಕಂಡು ಪಕ್ಕದಲ್ಲಿ ಬಂದು ಕೂತಳು, ನಕ್ಷತ್ರವನ್ನು ಉಗುರಿನಿಂದ ಸವರಿದಳು. ಅವಳು ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ.

"ಭಯಾನಾ ತಾತ?"

"ಛೆ, ಏನು ಭಯ. ಹತ್ತು ನಿಮಿಷದ ಕೆಲಸವಂತೆ."

"ಆಪರೇಷನ್ ರೂಮಿನ ಒಳಗೆ ನಮ್ಮನ್ನ ಬಿಡಲ್ವಂತೆ. ಬಾಗಿಲಿಗೊಂದು ಗಾಜಿನ ಕಿಂಡಿ ಇರತ್ತಲ್ಲ, ಅದರ ಹೊರಗೆ ಇದನ್ನ ತಗ್ಲಾಕಿರ್ತೀನಿ. ಎಡಗಣ್ಣಲ್ಲಿ ನೋಡ್ಕೊ."

"ತಗ್ಲಾಕ್ಬಿಟ್ಟು ನೀನು ಸ್ಕೂಲಿಗೆ ಹೋಗ್ಬಿಡು. ನಾಳೆ ಟೆಸ್ಟ್ ಇದೆಯಲ್ಲ," ಎಂದೆ.

"ಹೋದ್ರೂ ಹೋದೆ," ಎಂದು ನಕ್ಕಳು.

ಚೀಲದ ಮೇಲೆ ಕೊಡೆಯನ್ನು ಅಡ್ಡ ಇಟ್ಟಿದ್ದೇನೆ. ಕಣ್ಣಿನ ಚಿಂತೆ ಹೇಗೋ ಹಿಂದೆ ಸರಿದಿದೆ. ಹೊರಗೆ ಮೋಡ ಕಟ್ಟುತ್ತಿದೆ. ಕೊಡೆಯನ್ನು ಅಲ್ಲಿ ತಗಲಿಹಾಕಿ ಅವಳು ನಿಜವಾಗಿ ಹೊರಟುಬಿಟ್ಟರೆ, ದಾರಿಯಲ್ಲಿ ನೆನೆಯುತ್ತಾಳಲ್ಲ ಎಂಬುದೊಂದೇ ಈಗ ನನಗೆ ಯೋಚನೆ.