ಗೋಡೆಗೆ ಕೇಳಿದ ರೊಟ್ಟಿ

ಕೊಟ್ಟೂರಿನ ನಮ್ಮ ನೆರೆಮನೆಯಾಕೆ ಜೋಳದ ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳುತ್ತಿತ್ತು. ಅವಳ ಗಂಡನೂ ಮೈದುನನೂ ಬೇರೆಯಾಗಿ, ಮನೆ ನಡುವೆ ಗೋಡೆ ಎದ್ದ ಮೇಲೆ ಆ ಸದ್ದು ನಿಂತಿತು. ಅಂಗಡಿಯಿಂದ ಒಣಗಿಸಿದ ಕಟಕ್ ರೊಟ್ಟಿ ತರಿಸುತ್ತಿದ್ದಳು. ಏಕೆಂದು ಕೇಳಿದರೆ ಅಂಗೈ ಕೊಡವಿ, "ಕೈ ಏಳವಲ್ದು, ಬಿಡ್ರಿ" ಎನ್ನುವಳು.

ಒಂದು ಬೆಳಗ್ಗೆ ಹೋದರೆ ಹಿಟ್ಟು ನಾದುತ್ತ ಕೂತಿದ್ದಳು. ರೊಟ್ಟಿ ಬಡಿಯುವ ಕಲ್ಲನ್ನು ಆ ಗೋಡೆಗೇ ತಾಗಿಸಿಟ್ಟಿದ್ದಳು. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ತನ್ನನ್ನೇ ಬೈದುಕೊಳ್ಳುತ್ತ ಮತ್ತೆ ಬಡಿದಳು. ಮೂರನೆಯದು ಹೆಂಚಿನ ಮೇಲೆ ಉಬ್ಬಿತು.

ಗೋಡೆಯಾಚೆಯಿಂದ ಮೈದುನನ ಹೆಂಡತಿ ಕೂಗಿದಳು: "ಅಕ್ಕಾ, ನಿನ್ನ ಕೈ ಸದ್ದಲ್ಲೇನು? ಬದನಿಕಾಯಿ ಎಣ್ಗಾಯಿ ಒಲಿ ಮ್ಯಾಲೈತಿ, ತರ್ಲೇನು?"

"ತಾ! ಎಲ್ಲಾರ್ನೂ ಕರ್ಕೊಂಡು ಬಾ!"

ಆಮೇಲೆ ನನ್ನತ್ತ ತಿರುಗಿ, "ಕೈ ಎದ್ದೈತಿ, ನೋಡ್ರಿ" ಎಂದವಳೇ, ಗೋಡೆ ಅದುರುವಂತೆ ಬಡಿಯತೊಡಗಿದಳು.